ಎರಡು ಸಲ ಹೇಳುವವಳು

“ರನ್‌ವೇ ಸೊನ್ನೆ ಎರಡು,” ಎಂದಿತು ಕಾಕ್‌ಪಿಟ್ಟಿನ ಎಚ್ಚರಿಕೆ ಯಂತ್ರದ ಹೆಣ್ಣುದನಿ. ಹೊರಡಲು ಅಪ್ಪಣೆಯೂ ಸಿಕ್ಕಿತ್ತು. ಆದರೂ ಕ್ಯಾಪ್ಟನ್ ಮೆಜಿಯಾನ್ ಜನ ತುಂಬಿದ ವಿಮಾನವನ್ನು ಮೊಂಡುಬಿದ್ದ ಒಂಟೆಯಂತೆ ರನ್‌ವೇ ಮೇಲೆ ನಿಲ್ಲಿಸಿಕೊಂಡು ಕೂತುಬಿಟ್ಟರು.

ಇಡೀ ಸಹಾರಾದಲ್ಲಿ ಅವರಂಥ ಪೈಲಟ್ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಮರಳುಗಾಳಿ ಅವರನ್ನು ಕೇಳಿಯೇ ಬೀಸುತ್ತಿತ್ತು. ಅವರು ವಿಮಾನ ಇಳಿಸಿದರೆ ಲೋಟದ ಚಹಾ ತುಳುಕುವುದಿರಲಿ, ಅದರ ನೊರೆಯೂ ಒಡೆಯುತ್ತಿರಲಿಲ್ಲ. ಅಂಥವರಿಗೆ ನಿವೃತ್ತಿಗೆ ಮುನ್ನ, ಮರುಭೂಮಿಯ ಊರು ತಮನ್‌ರಾಸೆತ್‌ನಿಂದ ಅಲ್ಜಿಯರ್ಸ್‌ಗೆ ಇದು ಕಡೆಯ ಹಾರಾಟ. ಕಡೆಯ ಹಾರಾಟದಲ್ಲಿ ಮುಂದಿನ ಸಾಲು ಕ್ಯಾಪ್ಟನ್ ಮನೆಯವರಿಗೆ ಮೀಸಲು. ಹೆಂಡತಿ ಝುಬಿದಾ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆ ಸಾಲಿನಲ್ಲಿ, ಬೀಳ್ಕೊಟ್ಟವರು ಕೊಟ್ಟ ಖರ್ಜೂರದ ಪೆಟ್ಟಿಗೆಯೊಂದು ಬೆಲ್ಟು ಬಿಗಿದುಕೊಂಡು ಗಂಭೀರವಾಗಿ ಕೂತಿತ್ತು.

“ಯಾಕೆ ಕ್ಯಾಪ್ಟನ್, ಮನಸ್ಸು ಬರ್ತಿಲ್ವಾ?” ಎಂದಳು ಸಹಪೈಲಟ್ ತನಿನ್ನಾ.

“ತಡಿ ಮಗಳೇ. ಸುಮ್ನೆ ನಿಂತಿದ್ರೆ ಅವಳು ಇನ್ನೊಮ್ಮೆ ಮಾತಾಡ್ತಾಳೆ. ರನ್‌ವೇ ಹೆಸರನ್ನ ಆಗ ಎರಡೆರಡು ಸಲ ಹೇಳ್ತಾಳೆ.”

“ಯಾರು, ಈ ಡಬ್ಬೀನಾ?”

“ಡಬ್ಬಿ ಅನ್ಬೇಡ. ಝುಬಿದಾ ಹೋದ್ಮೇಲೆ ನಾನೆಲ್ಲಿದೀನಿ ಅಂತ ನಂಗೆ ಹೇಳೋಳು ಇವಳೊಬ್ಬಳೇ.”

ತನಿನ್ನಾಗೆ ನಗು ಬಂದಿತ್ತು, ನುಂಗಿಕೊಂಡಳು. ಅಷ್ಟರಲ್ಲಿ ರೇಡಿಯೋದಲ್ಲಿ ಕಂಟ್ರೋಲ್ ಟವರ್ ಗುಡುಗಿತು: “ಏನ್ರೀ, ಅಲ್ಲೇ ಚಹಾಕ್ಕೆ ನೀರಿಟ್ರಾ? ಹಿಂದೆ ಒಂದು ವಿಮಾನ ಇಳಿಯೋಕೆ ಬರ್ತಾ ಇದೆ. ಈಗ ಏಳ್ತೀರೋ, ಪಕ್ಕಕ್ಕೆ ಸರೀತೀರೋ?”

ಮೆಜಿಯಾನ್ ಕಿವಿಗೊಟ್ಟು ಕೂತೇ ಇದ್ದರು. ಇನ್ನೇನು, ಅವಳು ಬಾಯಿ ತೆರೆಯಬೇಕು.

“ಕ್ಯಾಪ್ಟನ್!” ತನಿನ್ನಾಳ ದನಿ ಏರಿತು. “ನಾವೆಲ್ಲಿದೀವಿ ಅನ್ನೋದಷ್ಟೇ ಅವಳಿಗೆ ಗೊತ್ತು. ಬೆನ್ನ ಹಿಂದೆ ಏನು ಬರ್ತಿದೆ ಅಂತ ಅವಳಿಗೆ ಕಾಣಲ್ಲ. ಹಿಂದೆ ಜನ ಕೂತಿದಾರೆ!”

ಮೆಜಿಯಾನ್ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಎಂಜಿನ್ನಿನ ಹಿಡಿಕೆಯ ಮೇಲಿದ್ದ ಕೈ ಮುಂದಕ್ಕೆ ಹೋಯಿತು. ವಿಮಾನ ಎಂಥ ಓಟ ಓಡಿತೆಂದರೆ ಹೊಗ್ಗರ್ ಬೆಟ್ಟಗಳೇ ಗಾಬರಿಯಾಗಿ ಆಚೀಚೆ ಸರಿದು ದಾರಿ ಬಿಟ್ಟವು. ಅವಳ ಎರಡನೇ ಮಾತು ಮಾತ್ರ ಬರಲೇ ಇಲ್ಲ. ಅಲ್ಜಿಯರ್ಸ್‌ನಲ್ಲಿ ಇಳಿಯುವಾಗ ಅಲ್ಲಿನ ರನ್‌ವೇಯ ಹೆಸರು ಹೇಳಿದಳು. ಒಂದೇ ಸಲ.

ಸಂಜೆ, ಸಹಾರಾವನ್ನೇ ಮಡಚಿ ಜೇಬಿಗೆ ಇಳಿಸಬಲ್ಲ ಆ ಮನುಷ್ಯ ಖರ್ಜೂರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಬೀಗ ತೆಗೆದರು. ಒಳಗೆ ಕತ್ತಲೆ. ಹೊಸ್ತಿಲಲ್ಲೇ ನಿಂತರು.

“ಬಾಬ್ ಎಲ್ ವೇದ್ ಬಡಾವಣೆ, ಮೂರನೇ ಮಹಡಿ,” ಎಂದು ಗಟ್ಟಿಯಾಗಿ ಹೇಳಿಕೊಂಡರು.

ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದರು, ಎರಡೆರಡು ಸಲ.