ಉಡಿಯಲ್ಲಿ ಇಲ್ಲದ ಖಣ

ಹೊಸ ಬಟ್ಟೆಯ ಗಂಜಿಯ ವಾಸನೆ ಇಂದಿಗೂ ನನ್ನನ್ನು ಬನಹಟ್ಟಿಯ ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಕ್ಯಾನ್ಸರಿನಿಂದಾಗಿ ಒಂದು ಮೊಲೆ ತೆಗೆಸಿಕೊಂಡ ಅವ್ವ, ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ್ದಳು. ಸೀರೆಗೆ ರವಿಕೆಯ ಬದಲು ಅಪ್ಪನ ಸಡಿಲ ಅಂಗಿ ತೊಟ್ಟಿದ್ದಳು. ಉಡಿ ತುಂಬಲು ದೊಡ್ಡವ್ವ ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು ಒಂದೊಂದಾಗಿ ಅವ್ವನ ಸೆರಗಿಗೆ ಬಿದ್ದವು. ರೂಢಿಯಂತೆ ಅವುಗಳೊಂದಿಗೆ ಇಡಬೇಕಾದ, ರವಿಕೆ ಹೊಲಿಸುವ ಕುಬಸದ ಖಣ ಮಾತ್ರ ಬರಲಿಲ್ಲ.

“ಯಕ್ಕಾ, ಖಣ ಎಲ್ಲಿ?”

ದೊಡ್ಡವ್ವ ನೆಲ ನೋಡಿದಳು. “ನಿನ್ನ ಮನಸಿಗೆ ನೋವಾದೀತಂತ ತರಲಿಲ್ಲ ಬೇ.”

“ಹಂಗಾರ ಜಲ್ಮಪೂರ್ತಿ ನಿನ್ನ ಮೈದುನನ ಅಂಗಿ ಹಾಕ್ಕೊಂಡ ಕುಂದರ್ಲೇನು?”

ಅವ್ವ ನಗಲು ನೋಡಿದಳು, ಉಸಿರು ಸಾಲಲಿಲ್ಲ. ದೊಡ್ಡವ್ವ ತನ್ನ ಮನೆಗೆ ಹೋಗಿ, ಗಂಜಿಯ ಬಿರುಸು ಇನ್ನೂ ಹೋಗದ ನೀಲಿ ಖಣವೊಂದನ್ನು ತಂದು ಉಡಿಯಲ್ಲಿಟ್ಟಳು. ಅವ್ವ ಅದನ್ನು ಬಹಳ ಹೊತ್ತು ಬೆರಳಿನಿಂದ ಸವರಿ, ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದಳು.

“ಬಟ್ಟಿ ಹೊಲಿಯೋ ಅಕ್ಕಗ ಕೊಟ್ಟ ಬಾ, ಮಗಳ. ಹಳೇ ಅಳತಿಗೆ ಕತ್ತರಿಸಬ್ಯಾಡಂತ ಹೇಳು.” ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದಳು: “ಇವತ್ತ ಆಗಂಗಿಲ್ಲ. ನಾಳೆ ನಾನ ಬಂದು ಹೊಸಾ ಅಳತಿ ಕೊಡ್ತೀನಿ.”