ರಿಫಿಲ್ ಎಂಬ ಮಾತು

ಹೊಸ ಗಡಿಗೆಗೆ ನೀರು ತುಂಬಿದಾಗ ಏಳುವ ಮಣ್ಣಿನ ವಾಸನೆಗೆ ಈಗಲೂ ನನ್ನ ಮೈ ಹಿಡಿಯಾಗುತ್ತದೆ.

ಜಮಖಂಡಿ ಇನ್ನೂ ಸಂಸ್ಥಾನವಾಗಿದ್ದ ಕಾಲ. ನಾನು ಇಂಗ್ಲಿಷ್ ಕಲಿಯುತ್ತಿದ್ದ ಶಾಲೆಗೆ ನೀರು ಹೊರುತ್ತಿದ್ದವನು ನನ್ನ ಅಪ್ಪ. ಒಂದು ಮಧ್ಯಾಹ್ನ ಮಾಸ್ತರರು ಹಲಗೆಯ ಮೇಲೆ ‘ರಿಫಿಲ್’ ಎಂದು ಬರೆದು, “ಖಾಲಿ ಆಗಿದ್ದನ್ನ ಮತ್ತ ತುಂಬೂದು,” ಎಂದು ಅರ್ಥ ಹೇಳಿದರು. ಅದೇ ಹೊತ್ತಿಗೆ ಅಪ್ಪ ಒಳಗೆ ಬಂದು ಮೂಲೆಯ ಹೊಸ ಗಡಿಗೆಗೆ ಕೊಡ ಬಗ್ಗಿಸಿದ. ತೋಯ್ದ ಅಂಗಿ ಅವನ ಹೆಗಲಿಗೆ ಅಂಟಿತ್ತು. ಮಾಸ್ತರರು ನನ್ನನ್ನು ಎಬ್ಬಿಸಿದರು.

“ಅಂವ ಏನ ಮಾಡಾಕತ್ತಾನ, ಇಂಗ್ಲಿಷಿನ್ಯಾಗ ಹೇಳು.”

“ಮೈ ಫಾದರ್ ಈಸ್ ರಿಫಿಲಿಂಗ್ ದ ಪಾಟ್,” ಎಂದೆ.

ಹುಡುಗರು ನಕ್ಕರು. “ಫಾದರ್ ಬ್ಯಾಡ. ಸರ್ವಂಟ್ ಅನ್ನು,” ಎಂದರು ಮಾಸ್ತರರು. ಹಾಗೆಯೇ ಅಂದೆ. ಇಡೀ ತರಗತಿ ಒಂದೇ ದನಿಯಲ್ಲಿ ಅದನ್ನೇ ಹೇಳಿತು. ಅಪ್ಪ ಖಾಲಿ ಕೊಡ ಹಿಡಿದು ಹೆಮ್ಮೆಯಿಂದ ಕೇಳುತ್ತ ನಿಂತಿದ್ದ.

ಸಂಜೆ ರೊಟ್ಟಿ ತಿನ್ನುವಾಗ ಅವನು ಕೇಳಿದ: “ರಿಫಿಲ್ ಅಂದ್ರ ತಿಳೀತು. ಸರ್ವಂಟ್ ಅಂದ್ರ ಏನೋ?”

“ಅಪ್ಪ ಅಂತ,” ಎಂದೆ, ಗಂಗಾಳದಿಂದ ಮುಖ ಎತ್ತದೆ.

ಅಪ್ಪ ಒಲೆಯ ಮುಂದೆ ಕೂತಿದ್ದ ಅವ್ವನ ಕಡೆ ತಿರುಗಿ ನಕ್ಕ. “ಕೇಳಿದೇನ? ನಾ ಇವನ ಸರ್ವಂಟ್.”