ಕುಂಕುಮದ ಗೆರೆ

“ಇವತ್ತೂ ಒಂದ್ ಬಟ್ಟ ಇಳದೈತಲ್ಲ, ಇದಕ್ಕ ಕೊನಿ ಯಾವಾಗ?”

ಒಣದ್ರಾಕ್ಷಿ ಶೆಡ್ಡಿನಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಶಿವಗಂಗವ್ವ ಕ್ರೇಟುಗಳ ಹಿಂದಿನಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದಿದ್ದಳು. ನಿನ್ನೆ ಬೆಳಗ್ಗೆ ತಾನೇ ಗಾಜಿನ ಮೇಲೆ ಎಳೆದ ಕುಂಕುಮದ ಗೆರೆಗಿಂತ ವೈನು ಒಂದು ಬೆರಳು ಕೆಳಗಿತ್ತು.

ಇದು ಮೂರನೆಯ ಬಾಟಲಿ. ಐನಾಪುರದ ಅವರ ತೋಟದ ದ್ರಾಕ್ಷಿ ಕೊಳ್ಳುವ ವೈನ್ ಕಂಪನಿಯ ಮನುಷ್ಯ ಬೇಸಿಗೆಯಲ್ಲಿ ರೈತರನ್ನೆಲ್ಲ ಕೂರಿಸಿಕೊಂಡು, ಊಟದ ಜೊತೆ ದಿನಕ್ಕೊಂದು ಸಣ್ಣ ಗ್ಲಾಸು ಹೃದಯಕ್ಕೆ ಬಲು ಒಳ್ಳೆಯದೆಂದು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಬಾಟಲಿ. ಗಂಡ ಬಾಬಾಸಾಹೇಬ ಅದನ್ನು ಮನೆಯೊಳಗೆ ತರದೆ ಇಲ್ಲಿಟ್ಟ.

“ಇರ್ಲಿ, ಬೀಗರ್ ಬಂದ್ರ ಆಕ್ಕೈತಿ,” ಅಂದ.

ಬೀಗರು ಬರಲಿಲ್ಲ. ಬಾಟಲಿ ಬರಿದಾಯಿತು. ಇನ್ನೊಂದು ಬಂತು.

ಶಿವಗಂಗವ್ವನ ಕೊರಳಲ್ಲಿ ತುಳಸಿ ಮಾಲೆಯಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಪಂಢರಪುರದಲ್ಲಿ ಹಾಕಿಸಿಕೊಂಡದ್ದು. ಮದ್ಯದ ಒಂದು ಹನಿ ನಾಲಗೆಗೆ ತಾಗಿದರೂ ಆ ಮಾಲೆ ಧರಿಸುವ ಯೋಗ್ಯತೆ ಕೊರಳಿಗೆ ಉಳಿಯದು. ಅತ್ತೆ ಮಾಲೆಯೊಂದಿಗೇ ಕಣ್ಣು ಮುಚ್ಚಿದ್ದಳು. ತಾನೂ ಹಾಗೆಯೇ ಹೋಗಬೇಕೆಂಬುದೊಂದೇ ಇವಳ ಆಸೆ. ಅಂಥವಳ ಮನೆಯಲ್ಲಿ ಇದು.

ಗಂಡನನ್ನು ಬೈಯೋಣವೆಂದರೆ ಬಾಯಿ ಬರದು. ಹೋದ ದಸರೆಯಲ್ಲಿ ಅವಳಿಗೆ ಎದೆನೋವು ಬಂದಾಗ ಬರಿಗಾಲಲ್ಲೇ ಗಾಡಿ ಹತ್ತಿಸಿ ಮಿರಜ ಆಸ್ಪತ್ರೆಗೆ ಕರೆದೊಯ್ದವನು ಅವನು. ಅಡುಗೆಮನೆಯ ಹೊಸ್ತಿಲು ತುಳಿಯದ ಗಂಡಸು ಈಗ ತಾನೇ ಒಲೆ ಹಚ್ಚುತ್ತಾನೆ. ಗುಳಿಗೆ ಎಣಿಸಿ ಕೊಡುತ್ತಾನೆ, ಮುಗಳಖೋಡದ ವೈದ್ಯರದೆಂದು ದಿನಾ ಸಂಜೆ ಶುಂಠಿ ಲವಂಗದ ಕಷಾಯ ಕಾಸಿ ಕೊಡುತ್ತಾನೆ, ಕಾಲೊತ್ತುತ್ತಾನೆ. ಇಂಥವನನ್ನು ಏನೆಂದು ಕೇಳುವುದು?

ಊಟ ಬಡಿಸುವಾಗ ಬಾಗಿ ಬಾಗಿ ಮೂಸಿದಳು. ತಂಬಾಕಿನ ವಾಸನೆ ಬಿಟ್ಟು ಇನ್ನೇನಿಲ್ಲ. ಜಾಣ, ಬಾಯಿ ತೊಳೆದುಕೊಂಡಿರಬೇಕು.

ಯಾರಿಗೂ ಹೇಳುವಂತಿಲ್ಲ. ಸಂಜೆಯ ಭಜನೆಯಲ್ಲಿ ಕೂತರೆ ಪದ ಶುರುವಾಗುವ ಮೊದಲೇ ಕಣ್ಣು ತುಂಬಿಬಿಡುತ್ತಿತ್ತು.

“ನಾವೂ ಅದ ಪದಾ ಕೇಳ್ತೀವಿ. ವಿಠ್ಠಲ ನಿನಗೊಬ್ಬಾಕಿಗೇ ಹೆಂಗ ಒಲದಾನ ಬೇ?” ಎಂದು ನೆರೆಮನೆಯ ತಾರವ್ವ ಚುಚ್ಚುತ್ತಿದ್ದಳು. ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಲಿದದ್ದಲ್ಲ ಬೇ, ಒಳಗಿನ ಸಂಕಟ ಎಂದು ಹೇಳಲಾಗುತ್ತದೆಯೇ?

ಮರುವಾರ ತಂಗಿಯ ಮಗಳ ಮದುವೆಗೆಂದು ಅಂಕಲಿಗೆ ಹೋಗಿ ಐದು ದಿನ ಇದ್ದು ಬಂದಳು. ಚೀಲವನ್ನು ಕಟ್ಟೆಯ ಮೇಲಿಟ್ಟವಳೇ ಶೆಡ್ಡಿಗೆ ಹೋದಳು.

ವೈನು ಹೋಗುವ ಮುನ್ನ ಎಳೆದ ಗೆರೆಯಲ್ಲೇ ನಿಂತಿತ್ತು. ಒಂದು ಹನಿಯೂ ಇಳಿದಿರಲಿಲ್ಲ.

ಕ್ರೇಟಿನ ಮೇಲೆ ಕೂತಳು. ನಾನಿಲ್ಲದಿದ್ದರೆ ಅವನಿಗೆ ಅದು ಬೇಡ. ನನ್ನ ರೋಗ ನೋಡಿ ನೋಡಿಯೇ ಕುಡಿಯುತ್ತಾನೆ. ಇನ್ನು ಯಾವ ಬಾಯಿಂದ ಬಿಡು ಎನ್ನಲಿ?

ಸೋಮವಾರ ಅಥಣಿಯ ಡಾಕ್ಟರ ಬಳಿ ತಪಾಸಣೆಯಿತ್ತು. ಪಕ್ಕದ ಕುರ್ಚಿಯಲ್ಲಿ ಗಂಡ. ಅವಳು ಧೈರ್ಯ ಮಾಡಿದಳು.

“ಡಾಕ್ಟರ್ರ, ದಿನಾ ಸ್ವಲ್ಪ ವೈನ್ ಕುಡದ್ರ ಹಾರ್ಟಿಗೆ ಚಲೋ ಅಂತಾರಲ್ರಿ, ಖರೇ ಏನ್ರಿ?”

ಡಾಕ್ಟರು ಬಾಬಾಸಾಹೇಬನ ಕಡೆ ನೋಡಿ ನಕ್ಕರು. “ಯಾಕ್ರಿ ಯಜಮಾನ್ರ, ನೆವಾ ಹುಡುಕಾಕತ್ತೀರೇನು? ಹಿಂದ ಹಂಗ ಹೇಳ್ತಿದ್ರು. ಈಗ ಹಾರ್ಟಿನ ಸಲುವಾಗಿ ಯಾರೂ ಕುಡಿಯಾಕ ಶುರು ಮಾಡಬ್ಯಾಡ್ರಿ ಅಂತೀವಿ. ಚಲೋ ಆಗಬೇಕಂದ್ರ ಕಾಯಿಪಲ್ಲೆ ತಿನ್ರಿ, ಉಪ್ಪ ಕಡಿಮಿ ಮಾಡ್ರಿ, ನಡದಾಡ್ರಿ. ಅದ್ರಾಗೂ ಇವರಂಗ ರಕ್ತ ತೆಳು ಮಾಡೂ ಗುಳಿಗಿ ತಗೊಳ್ಳಾವ್ರು ಅದರ ಸನೇಕ ಹೋಗಬಾರ್ದು.”

ಬಾಬಾಸಾಹೇಬನ ಮುಖ ಬಿಳುಚಿತು. “ಗೊತ್ತಿಲ್ದ… ಒಂದೆರಡ ತಿಂಗಳ ಹೋಗಿದ್ರ, ಸಾಹೇಬ್ರ?”

“ಹೋಗಿದ್ದು ಹೋತು. ಇವತ್ತಿಂದ ಬಂದ್ ಮಾಡ್ರಿ.”

ಶಿವಗಂಗವ್ವ ತಲೆ ತಗ್ಗಿಸಿದಳು. ಅವನ ಬಾಯಿಂದಲೇ ಬಂತಲ್ಲ. ಅಷ್ಟು ಸಾಕು.

ಅಥಣಿಯಿಂದ ಬಸ್ಸು ಹಿಡಿದರು. ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವಳು ನೇರ ಶೆಡ್ಡಿಗೆ ಹೋಗಿ ಬಾಟಲಿ ತಂದು ಅವನ ಮುಂದಿಟ್ಟಳು.

“ಗಂಗಾ, ನಿನಗೊಂದ್ ಮಾತ ಹೇಳೂದೈತಿ…”

“ಏನೂ ಹೇಳಬ್ಯಾಡ್ರಿ. ಡಾಕ್ಟರ್ ಮುಂದ ಎಲ್ಲಾ ತಿಳೀತು. ನನ್ನ ಮಾಲಿ ಮುಟ್ಟಿ ಆಣಿ ಮಾಡ್ರಿ. ಇನ್ನ ಈ ಮನಿಯಾಗ ಯಾರ ಬಾಯಿಗೂ ಇದರ ಒಂದ್ ಹನಿ ಹೋಗೂದಿಲ್ಲ ಅಂತ.”

ಅವನ ಕೈ ಮಾಲೆಯ ತನಕ ಬಂದು, ಕೆಂಡದ ಬಿಸಿ ತಾಕಿದಂತೆ ಹಿಂದೆ ಸರಿಯಿತು.

“ಮಾಡ್ರಿ. ಇದನ್ನ ಹಾಕ್ಕೊಂಡ ಸಾಯಬೇಕ್ ನಾನು.”

ಮಾಡಿದ. ತುಟಿಗಳಷ್ಟೇ ಅಲುಗಿದವು. ಆಮೇಲೆ ಬಾಟಲಿ ಒಯ್ದು ಬಚ್ಚಲಿಗೆ ಸುರಿದು ಬಂದು, ಗೋಡೆಗೆ ಒರಗಿ ಕೂತ.

ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗುಡಿಯ ಕಡೆಯಿಂದ ತಾಳದ ಸದ್ದು ಕೇಳಿಬಂತು. ಶಿವಗಂಗವ್ವ ಸೆರಗು ಸರಿಮಾಡಿಕೊಂಡು ಹಿತ್ತಾಳೆ ಲೋಟ ತೊಳೆದು ತಂದು ಗಂಡನ ಮುಂದೆ ಹಿಡಿದಳು.

“ಭಜನಿಗೆ ಹೊತ್ತಾತು. ನನ್ನ ಕಷಾಯ ಕೊಡ್ರಿ.”

ಬಾಬಾಸಾಹೇಬ ಲೋಟ ನೋಡಿದ, ಅವಳ ಕೊರಳ ಮಾಲೆ ನೋಡಿದ.

“ಕೊಡೂದಿಲ್ಲ, ಗಂಗಾ. ಈಗಷ್ಟ ಆಣಿ ಮಾಡೇನಿ.”